ಬಡಾವಣೆಯ ಆರೋಗ್ಯ ಯೋಜನೆಗೆ ಅನುದಾನ: ಪ್ರಸ್ತಾವನೆ ಬರೆಯುವುದು ಹೇಗೆ?

ಹಾಸನ ನಗರದ ಕೊಳೆಗೇರಿಗಳಲ್ಲಿ ಆರೋಗ್ಯದ ಕೆಲಸ ಮಾಡುವ ಸಣ್ಣ ಟ್ರಸ್ಟುಗಳು ದಾನಿ ಪ್ರತಿಷ್ಠಾನಗಳಿಗೂ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗಗಳಿಗೂ ಕಳುಹಿಸುವ ಪ್ರಸ್ತಾವನೆಗಳನ್ನು ಓದಿ ತಿದ್ದಿಕೊಡುವ ಸಂದರ್ಭ ನನಗೆ ಆಗಾಗ ಬರುತ್ತದೆ. ಕೆಲಸ ಬಹುಪಾಲು ಚೆನ್ನಾಗಿಯೇ ನಡೆದಿರುತ್ತದೆ. ಅದನ್ನು ಬರವಣಿಗೆಯೇ ಮುಚ್ಚಿಹಾಕಿರುತ್ತದೆ. ಮೊದಲ ಪುಟ ‘ಆರೋಗ್ಯವೇ ಭಾಗ್ಯ’ ಎಂದು ಆರಂಭವಾಗಿ ದೇಶದ ಬಡತನದ ವರ್ಣನೆಯಲ್ಲಿ ಮುಗಿಯುತ್ತದೆ, ಮುಂದಿನ ಪುಟದಲ್ಲಿ ಉಚಿತ ತಪಾಸಣಾ ಶಿಬಿರಗಳ ಪಟ್ಟಿ ಬರುತ್ತದೆ, ಕೊನೆಗೆ ವಿವರಣೆಯಿಲ್ಲದ ಒಂದು ದುಂಡು ಮೊತ್ತ ಇರುತ್ತದೆ. ಇಂಥ ಅರ್ಜಿಗೆ ಉತ್ತರ ಬರುವುದು ಅಪರೂಪ.

ಮೊದಲ ಹಂತ: ಕಾಗದಪತ್ರ

ನೋಂದಣಿ ಪತ್ರ, ಟ್ರಸ್ಟ್ ಡೀಡ್ ಅಥವಾ ಬೈಲಾ, ಪ್ಯಾನ್, 12ಎಬಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ಎಂದೇ ಎಲ್ಲರೂ ಕರೆಯುವ ಆದಾಯ ತೆರಿಗೆ ನೋಂದಣಿಗಳು, ಸ್ವಯಂಸೇವಾ ಸಂಸ್ಥೆಗಳಿಗಾಗಿ ಇರುವ ನೀತಿ ಆಯೋಗದ ದರ್ಪಣ್ ಜಾಲತಾಣದ ನೋಂದಣಿ ಸಂಖ್ಯೆ, ಮೂರು ವರ್ಷಗಳ ಆಡಿಟ್ ವರದಿ, ಇವಿಷ್ಟನ್ನು ಒಂದೇ ಕಡತದಲ್ಲಿ ಸಿದ್ಧವಾಗಿಡಿ. ಕಂಪನಿಗಳ ಹಣ ಬೇಕಿದ್ದರೆ 2021ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿಯೂ, ಅದೇ ಬಗೆಯ ಕೆಲಸದಲ್ಲಿ ಮೂರು ವರ್ಷಗಳ ಅನುಭವವೂ ಇರಬೇಕು. ವಿದೇಶಿ ದೇಣಿಗೆಯನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಿರುವ ದೊಡ್ಡ ಸಂಸ್ಥೆಯೊಂದರ ಮೂಲಕ ತರಿಸಿಕೊಳ್ಳಬಹುದೆಂದು ಈಗಲೂ ಕೆಲವರು ಸಲಹೆ ಕೊಡುತ್ತಾರೆ. 2020ರ ತಿದ್ದುಪಡಿಯ ನಂತರ ಹಾಗೆ ಒಂದು ಸಂಸ್ಥೆ ಇನ್ನೊಂದಕ್ಕೆ ಹಣ ದಾಟಿಸುವುದು ಕಾನೂನುಬಾಹಿರವಾದ್ದರಿಂದ ಆ ದಾರಿಯನ್ನು ಮರೆತುಬಿಡಿ.

ಎರಡನೆಯ ಹಂತ: ಯಾರನ್ನು ಕೇಳಬೇಕು

2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ರೂಪಾಯಿ ವಹಿವಾಟು ಅಥವಾ 5 ಕೋಟಿ ರೂಪಾಯಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕು, ಮತ್ತು ತಾನು ಕಾರ್ಯನಿರ್ವಹಿಸುವ ಸ್ಥಳಕ್ಕೆ ಆದ್ಯತೆ ಕೊಡಬೇಕು. ಆದ್ದರಿಂದ ಬೆಂಗಳೂರಿನ ಕಚೇರಿಗಳಿಗೆ ಒಂದೇ ಪತ್ರವನ್ನು ಸಾಲಾಗಿ ಕಳುಹಿಸುವ ಬದಲು ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಘಟಕವಿರುವ ಕಂಪನಿಗಳನ್ನು ಮೊದಲು ಹುಡುಕಿ, ಅವುಗಳ ವಾರ್ಷಿಕ ವರದಿಯಲ್ಲಿ ಆರೋಗ್ಯಕ್ಕೆ ಎಷ್ಟು ಹೋಗಿದೆ ಎಂಬುದನ್ನು ಓದಿಕೊಳ್ಳಿ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ, ಟಾಟಾ ಟ್ರಸ್ಟ್‌ಗಳಂಥ ದಾನಿ ಸಂಸ್ಥೆಗಳ ರೀತಿನೀತಿಯೇ ಬೇರೆ. ಅಲ್ಲಿ ಹಣಕ್ಕಿಂತ ಮೊದಲು ಕೆಲಸದ ವಿಧಾನದ ಬಗ್ಗೆ ಪ್ರಶ್ನೆಗಳು ಬರುತ್ತವೆ. ನನ್ನನ್ನು ಕೇಳಿದರೆ, ಸಣ್ಣ ಸಂಸ್ಥೆ ಒಂದು ವರ್ಷದಲ್ಲಿ ಎರಡು ಕಡೆಗಿಂತ ಹೆಚ್ಚು ಅರ್ಜಿ ಹಾಕಬಾರದು.

ಮೂರನೆಯ ಹಂತ: ಅಗತ್ಯದ ವಿವರಣೆ

ಬಹುತೇಕ ಎಲ್ಲರೂ ಎಡವುವುದು ಇಲ್ಲಿ. ‘ನಮ್ಮ ಬಡಾವಣೆಯವರು ಬಡವರು, ಅವರಿಗೆ ಆರೋಗ್ಯ ಸೇವೆ ಇಲ್ಲ’ ಎಂದು ಬರೆದರೆ ಓದುವವರು ನಂಬುವುದಿಲ್ಲ, ಏಕೆಂದರೆ ಸೇವೆ ಇದೆ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ನಡೆಯುತ್ತಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಮಾನದಂಡದಂತೆ ಸುಮಾರು 50,000 ಜನರಿಗೊಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕು, 2022ರ ಡಿಸೆಂಬರ್‌ನಿಂದ ರಾಜ್ಯದಲ್ಲಿ ‘ನಮ್ಮ ಕ್ಲಿನಿಕ್’ಗಳೂ ಬಂದಿವೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವಿದೆ. ಇಷ್ಟೆಲ್ಲ ಇರುವಾಗ ನಿಮ್ಮ ಸಂಸ್ಥೆ ಏಕೆ ಬೇಕು ಎಂಬುದೇ ಪ್ರತಿಷ್ಠಾನದವರ ಪ್ರಶ್ನೆ. ಮನೆಯಿಂದ ಆ ಆಸ್ಪತ್ರೆಯವರೆಗಿನ ದಾರಿ ನಿಮ್ಮ ಬಡಾವಣೆಯಲ್ಲಿ ಯಾವ ಜಾಗದಲ್ಲಿ ಕಡಿದುಹೋಗಿದೆ ಎಂದು ತೋರಿಸುವುದೇ ಅದಕ್ಕೆ ಉತ್ತರ.

ದಾರಿ ಕಡಿಯುವ ಜಾಗ ಎಲ್ಲೆಡೆ ಒಂದೇ ಆಗಿರುವುದಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳ ಪಾಳಿಯೂ ಕ್ಲಿನಿಕ್ಕಿನ ವೇಳೆಯೂ ಒಂದೇ ಆದಾಗ, ವೈದ್ಯರು ಉಚಿತವಾಗಿ ನೋಡಿದರೂ ಆಕೆಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಬೇರೆ ಜಿಲ್ಲೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಪಡಿತರ ಚೀಟಿ ಊರಿನಲ್ಲೇ ಉಳಿದಿದ್ದರೆ, ಒಳರೋಗಿಯಾಗಿ ಸೇರುವ ಹೊತ್ತಿನಲ್ಲಿ ಯೋಜನೆಯ ಸೌಲಭ್ಯ ಕೈಗೆ ಸಿಗುವುದಿಲ್ಲ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಘೋಷಣೆಯಾಗದ ಗುಡಿಸಲು ಸಾಲುಗಳು ಅಧಿಕೃತ ಪಟ್ಟಿಯಲ್ಲೇ ಇರುವುದಿಲ್ಲವಾದ್ದರಿಂದ, ಪಟ್ಟಿ ನೋಡಿ ಹೊರಡುವ ಯಾವ ಸೇವೆಯೂ ಅಲ್ಲಿಗೆ ಹೋಗದೇ ಇರಬಹುದು. ಇನ್ನು ಕೆಲವು ಕಡೆ ಜನ ಮೊದಲ ಬಾರಿ ಆಸ್ಪತ್ರೆಗೆ ಹೋಗಿಯೇ ಇರುತ್ತಾರೆ. ಬಿಪಿ ಮಾತ್ರೆ ಒಂದು ತಿಂಗಳಿಗೆ ಮುಗಿದ ಮೇಲೆ ಎರಡನೆಯ ಬಾರಿ ಹೋಗಿರುವುದಿಲ್ಲ, ಅಥವಾ ಆರು ತಿಂಗಳ ಕ್ಷಯ ಚಿಕಿತ್ಸೆಯನ್ನು ಕೆಮ್ಮು ನಿಂತ ಕೂಡಲೇ ಬಿಟ್ಟಿರುತ್ತಾರೆ. ಈ ನಾಲ್ಕರಲ್ಲಿ ನಿಮ್ಮದು ಯಾವುದು ಎಂದು ಒಂದನ್ನು, ಹೆಚ್ಚೆಂದರೆ ಎರಡನ್ನು ಹಿಡಿಯಿರಿ.

ಅದನ್ನು ಕಂಡುಹಿಡಿಯಲು ಮನೆಮನೆಗೆ ಹೋಗಲೇಬೇಕು. ವಾಟ್ಸ್‌ಆ್ಯಪಿನಲ್ಲಿ ಗೂಗಲ್ ಫಾರಂ ಹಂಚುವ ಅಡ್ಡದಾರಿಯಲ್ಲಿ ಸಿಗುವುದು ಫೋನು ಇರುವ, ಓದುಬರಹ ಬರುವ ಮನೆಗಳ ಉತ್ತರ ಮಾತ್ರ. ಪ್ರಶ್ನೆಗಳು ಕೆಲವೇ ಇರಲಿ: ಮನೆಯಲ್ಲಿ ಕೊನೆಯ ಬಾರಿ ಯಾರಿಗೆ ಕಾಯಿಲೆಯಾಯಿತು, ಮೊದಲು ಎಲ್ಲಿಗೆ ಹೋದರು, ಎಷ್ಟು ಖರ್ಚಾಯಿತು, ಆ ಹಣ ಎಲ್ಲಿಂದ ಬಂತು, ಸರ್ಕಾರಿ ಆಸ್ಪತ್ರೆಗೆ ಹೋಗದಿದ್ದರೆ ಏಕೆ. ‘ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತಂದೆವು’ ಎಂಬ ಉತ್ತರ ಬಂದರೆ ಅದನ್ನು ಹಾಗೆಯೇ ಬರೆದುಕೊಳ್ಳಿ. ಅದನ್ನು ‘ಅರಿವಿನ ಕೊರತೆ’ ಎಂದು ತಿದ್ದಬೇಡಿ. ರಾತ್ರಿ ತೆರೆದಿರುವುದು ಅಂಗಡಿ ಮಾತ್ರ ಎಂಬುದು ಉತ್ತರ ಕೊಟ್ಟವರಿಗೆ ಚೆನ್ನಾಗಿ ಗೊತ್ತು. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋದರೆ ಬಾಗಿಲುಗಳು ಬೇಗ ತೆರೆಯುತ್ತವೆ, ಆದರೆ ಸರ್ಕಾರಿ ಸೇವೆಯ ಬಗೆಗಿನ ಪ್ರಶ್ನೆಯನ್ನು ಆಕೆಯ ಎದುರಿಗೆ ಕೇಳಬೇಡಿ. ರೋಗಿಗಳ ಹೆಸರನ್ನಾಗಲಿ ಮುಖದ ಚಿತ್ರವನ್ನಾಗಲಿ ಪ್ರಸ್ತಾವನೆಗೆ ಸೇರಿಸಲೇಬಾರದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಅಂಕಿಅಂಶಗಳನ್ನು ಒಂದು ವಾಕ್ಯದಲ್ಲಿ ಬಳಸಬಹುದು. ಅದಕ್ಕಿಂತ ಹೆಚ್ಚು ಬೇಡ, ಏಕೆಂದರೆ ಅರಕಲಗೂಡಿನ ಹಳ್ಳಿಯನ್ನೂ ಸಕಲೇಶಪುರದ ಕಾಫಿ ತೋಟವನ್ನೂ ಒಳಗೊಂಡ ಸರಾಸರಿಯು ನಗರದ ಒಂದು ಕೇರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ‘ಸಮೀಕ್ಷೆ ಮಾಡಿದ ಇಷ್ಟು ಮನೆಗಳ ಪೈಕಿ ಇಷ್ಟರಲ್ಲಿ ಬಿಪಿ ಮಾತ್ರೆ ಅರ್ಧಕ್ಕೆ ನಿಂತಿದೆ, ಅವರಲ್ಲಿ ಇಷ್ಟು ಮಂದಿ ಕೂಲಿ ತಪ್ಪುವುದನ್ನೇ ಕಾರಣವಾಗಿ ಹೇಳಿದ್ದಾರೆ’ ಎಂಬ ನಿಮ್ಮದೇ ಒಂದು ವಾಕ್ಯಕ್ಕೆ ಎರಡು ಪುಟದ ಪೀಠಿಕೆಗಿಂತ ತೂಕ ಹೆಚ್ಚು.

ನಾಲ್ಕನೆಯ ಹಂತ: ಕೆಲಸ ಮತ್ತು ಬಜೆಟ್

ಹಿಂದಿನ ಹಂತ ಸರಿಯಾಗಿದ್ದರೆ ಇದು ತಾನಾಗಿಯೇ ಬರುತ್ತದೆ. ಮಾತ್ರೆ ನಿಲ್ಲುವುದೇ ತೊಂದರೆಯಾದರೆ ಪರಿಹಾರ ಶಿಬಿರವಲ್ಲ. ಶಾಮಿಯಾನ ಹಾಕಿ ಒಂದೇ ದಿನದಲ್ಲಿ ನೂರಾರು ಜನರ ಬಿಪಿ ನೋಡಿ ಕಳುಹಿಸುವ ಶಿಬಿರವನ್ನು ಪ್ರಸ್ತಾವನೆಯಿಂದ ಪೂರ್ತಿ ತೆಗೆದುಹಾಕಿ, ಆ ಹಣದಲ್ಲಿ ಅದೇ ಕೇರಿಯ ಮಹಿಳೆಯೊಬ್ಬರನ್ನು ಪೂರ್ಣಾವಧಿ ಆರೋಗ್ಯ ಕಾರ್ಯಕರ್ತೆಯಾಗಿ ನೇಮಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ದಾನಿಗಳಿಗೆ ಹಿಡಿಸದೆಂದು ಸಂಬಳದ ಸಾಲನ್ನು ‘ಇತರೆ’ಯಲ್ಲಿ ಅಡಗಿಸುವವರಿದ್ದಾರೆ, ಅಡಗಿಸಿದ ಮೊತ್ತವೇ ಆಡಿಟ್‌ನಲ್ಲಿ ಮೊದಲು ಸಿಕ್ಕಿಬೀಳುತ್ತದೆ. ಸಿಎಸ್‌ಆರ್ ನಿಯಮದ ಶೇ 5ರ ಆಡಳಿತ ವೆಚ್ಚದ ಮಿತಿ ಕಂಪನಿಯ ಸ್ವಂತ ಖರ್ಚಿಗೆ ಸಂಬಂಧಿಸಿದ್ದೇ ಹೊರತು ಯೋಜನೆ ನಡೆಸುವ ನಿಮ್ಮ ಕಾರ್ಯಕರ್ತೆಯ ಸಂಬಳಕ್ಕೆ ಅನ್ವಯಿಸುವುದಿಲ್ಲ.

ಉಪಕರಣಗಳ ವಿಷಯದಲ್ಲಿ ಒಂದು ಮಾತು. ಮಣಿಕಟ್ಟಿಗೆ ಕಟ್ಟುವ ಅಗ್ಗದ ಬಿಪಿ ಯಂತ್ರಗಳನ್ನು ಕೊಳ್ಳಬೇಡಿ. ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಅಂಕಿ ಬದಲಾಗುತ್ತದೆ. ತೋಳಿಗೆ ಕಟ್ಟುವ ಯಂತ್ರವನ್ನೇ, ತೋಳಿಗೆ ಸುತ್ತುವ ದೊಡ್ಡ ಅಳತೆಯ ಪಟ್ಟಿಯನ್ನೂ (ಕಫ್) ಸೇರಿಸಿ ಕೊಳ್ಳಿ. ಸಕ್ಕರೆ ನೋಡುವ ಗ್ಲುಕೋಮೀಟರ್ ಸೋವಿಯಾಗಿ ಸಿಗುತ್ತದೆ, ವರ್ಷವಿಡೀ ಖರ್ಚು ಬರುವುದು ಅದರ ಸ್ಟ್ರಿಪ್‌ಗಳಿಗೆ. ಅವಧಿ ಮುಗಿಯಲು ಬಂದ ಸ್ಟ್ರಿಪ್‌ಗಳನ್ನು ರಿಯಾಯಿತಿ ದರದಲ್ಲಿ ಮಾರುವವರಿಂದ ದೂರವಿರಿ.

ಐದನೆಯ ಹಂತ: ಸಲ್ಲಿಕೆ ಮತ್ತು ಒಪ್ಪಂದ

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಯವರ ಸಹಕಾರ ಪತ್ರಕ್ಕೆ ಎಲ್ಲಕ್ಕಿಂತ ಮೊದಲೇ ಅರ್ಜಿ ಕೊಟ್ಟಿರಿ, ಕೊನೆಯ ವಾರದಲ್ಲಿ ಕೇಳಿದರೆ ಸಿಗುವುದಿಲ್ಲ. ಮಂಜೂರಾದ ಮೊತ್ತದಲ್ಲಿ ಶೇಕಡಾವಾರು ಪಾಲು ಕೇಳುವ ಮಧ್ಯವರ್ತಿಗಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ.

ಮಂಜೂರಾತಿ ಬಂದ ಸಂತೋಷದಲ್ಲಿ ಒಪ್ಪಂದ ಪತ್ರವನ್ನು ಓದದೆ ಸಹಿ ಮಾಡುವುದೂ ಸಾಮಾನ್ಯ. ಹಣ ಕಂತುಗಳಲ್ಲಿ ಬರುವುದರಿಂದ, ಮೊದಲ ಕಂತಿನ ಬಳಕೆ ಪ್ರಮಾಣಪತ್ರವನ್ನು ಯಾವಾಗ ಕೇಳುತ್ತಾರೆ, ಅದಾದ ಎಷ್ಟು ದಿನಕ್ಕೆ ಎರಡನೆಯ ಕಂತು ಬಿಡುಗಡೆಯಾಗುತ್ತದೆ ಎಂಬ ಎರಡು ಷರತ್ತುಗಳನ್ನು ಗುರುತು ಹಾಕಿಕೊಳ್ಳಿ. ನಡುವೆ ಎರಡು ತಿಂಗಳ ಅಂತರ ಕಂಡರೆ, ಆ ಎರಡು ತಿಂಗಳ ಸಂಬಳವೂ ಮೊದಲ ಕಂತಿನಲ್ಲೇ ಸೇರುವಂತೆ ಸಹಿಗೆ ಮೊದಲೇ ತಿದ್ದಿಸಿಕೊಳ್ಳಿ.