ಹಳೇ ಡೀಸೆಲ್ ಲಾರಿಯ ಗೇರ್ ಬಾಕ್ಸ್ ಸದ್ದು: ಬಿಚ್ಚುವ ಮೊದಲು ಕಿವಿಗೊಟ್ಟು ಕೇಳಿ

ಗೇರ್ ಬಾಕ್ಸ್ ಸದ್ದು ಮಾಡುತ್ತಿದೆ ಅಂದ ಕೂಡಲೇ ಅದನ್ನು ಇಳಿಸಲು ಹೊರಡಬೇಡಿ. ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನೋದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಬಾಕ್ಸ್ ಇಳಿಸಿ, ಬಿಚ್ಚಿ, ಎಲ್ಲ ಸರಿ ಇದೆ ಅಂತ ಮತ್ತೆ ಏರಿಸಿದ ಮೇಲೂ ಸದ್ದು ಹಾಗೇ ಇದ್ದ ಗಾಡಿಗಳನ್ನು ನಾನು ನೋಡಿದ್ದೇನೆ. ಸದ್ದು ಇದ್ದದ್ದು ಹಿಂದಿನ ಜಾಯಿಂಟಿನಲ್ಲಿ.

ನಾನು ಹೊಸನಗರದ ಕಡೆಯವನು. ಹಳೇ ಆರು ಚಕ್ರದ ಲಾರಿ ಇಟ್ಟುಕೊಂಡು ಅಡಿಕೆ, ಶುಂಠಿ, ಗೊಬ್ಬರ ಸಾಗಿಸುತ್ತೇನೆ. ರಿಪ್ಪನ್‌ಪೇಟೆ, ಆಯನೂರು ಮೇಲೆ ಶಿವಮೊಗ್ಗದ ಮಂಡಿಗೆ ಒಂದು ದಾರಿ. ನಗರ, ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿದರೆ ಕುಂದಾಪುರದ ಕಡೆಗೆ ಇನ್ನೊಂದು. ಏರು, ಇಳಿಜಾರು, ತಿರುವು ಬಿಟ್ಟರೆ ಬೇರೆ ಇಲ್ಲ. ಬಯಲುಸೀಮೆಯಲ್ಲಿ ಟಾಪ್ ಗೇರಿನಲ್ಲೇ ಗಂಟೆಗಟ್ಟಲೆ ಓಡುವ ಗಾಡಿಗೂ, ದಿನವಿಡೀ ಎರಡು, ಮೂರರಲ್ಲೇ ಹೆಣಗಾಡುವ ನಮ್ಮ ಗಾಡಿಗೂ ತುಂಬಾ ವ್ಯತ್ಯಾಸ ಇದೆ. ಅದಕ್ಕೇ ಈ ವಿಷಯ ನಮ್ಮ ಕಡೆಯವರು ಸ್ವಲ್ಪ ಜಾಸ್ತಿ ತಿಳಿದುಕೊಂಡಿರಬೇಕು.

ಮೊದಲ ಪರೀಕ್ಷೆ ನಿಂತಲ್ಲೇ ಮಾಡುವಂಥದ್ದು. ಗಾಡಿ ಸ್ವಲ್ಪ ಓಡಿ ಬಿಸಿಯಾಗಿರಲಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಡಿ. ನ್ಯೂಟ್ರಲ್‌ನಲ್ಲಿ ಎಂಜಿನ್ ಸುಮ್ನೆ ಓಡಲಿ. ಕ್ಲಚ್ಚಿನ ಮೇಲಿಂದ ಕಾಲು ತೆಗೆದು ಕೇಳಿ. ಆಮೇಲೆ ಕ್ಲಚ್ ಪೂರ್ತಿ ಒತ್ತಿ ಕೇಳಿ.

ಕಾಲು ತೆಗೆದಾಗ ಗರಗರ ಅಂತಿದ್ದ ಸದ್ದು ಕ್ಲಚ್ ಒತ್ತಿದಾಗ ನಿಂತರೆ ಅದು ಬಾಕ್ಸಿನ ಒಳಗಿನದು. ನ್ಯೂಟ್ರಲ್‌ನಲ್ಲೂ ಮುಂದಿನ ಇನ್‌ಪುಟ್ ಶಾಫ್ಟ್ ಮತ್ತು ಅದರ ಗೇರಿಗೆ ಕೂಡಿ ತಿರುಗುವ ಕೆಳಗಿನ ಲೇ ಶಾಫ್ಟ್ ತಿರುಗುತ್ತಲೇ ಇರುತ್ತವೆ. ಕ್ಲಚ್ ಒತ್ತಿದರೆ ಎರಡೂ ನಿಲ್ಲುತ್ತವೆ. ಹಾಗಾಗಿ ಅನುಮಾನ ಆ ಎರಡು ಶಾಫ್ಟಿನ ಬೇರಿಂಗ್ ಮೇಲೆ. ಅದೇ ಉಲ್ಟಾ ಆಗಿ, ಕ್ಲಚ್ ಒತ್ತಿದಾಗ ಮಾತ್ರ ಕಿರ್ರ್ ಅಂದರೆ ಅದು ರಿಲೀಸ್ ಬೇರಿಂಗ್, ಅಂದರೆ ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳಿ ಬಿಡಿಸುವ ಬೇರಿಂಗ್. ಪೆಡಲ್ ಮೇಲೆ ಕಾಲು ಇಟ್ಟು ಸ್ವಲ್ಪವೇ ಭಾರ ಬಿಟ್ಟಾಗ ಸದ್ದು ಶುರುವಾದರೆ ಅನುಮಾನವೇ ಬೇಡ. ಪೂರ್ತಿ ಒತ್ತಿ ಗೇರ್ ಹಾಕಿ ನಿಂತಾಗ ಮಾತ್ರ ಕೀಚಲು ಸದ್ದು ಬಂದರೆ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಕೂಡ ನೋಡಬೇಕು. ಈ ಎರಡಕ್ಕೂ ಬಾಕ್ಸ್ ಇಳಿಸಬೇಕು, ಆದರೆ ಬಿಚ್ಚಬೇಕಾಗಿಲ್ಲ. ಖರ್ಚಿನಲ್ಲಿ ಅಜಗಜಾಂತರ.

ಇಲ್ಲಿ ಜನ ಒಂದು ಕಡೆ ತುಂಬಾ ಎಡವುತ್ತಾರೆ. ಹಳೇ ಡೀಸೆಲ್ ಗಾಡಿ ಐಡ್ಲಿಂಗ್‌ನಲ್ಲಿ ನಿಂತಾಗ ಬಾಕ್ಸಿನೊಳಗೆ ಕಟಕಟ ಅನ್ನೋದು ಸಾಮಾನ್ಯ. ಡೀಸೆಲ್ ಎಂಜಿನ್ ತಿರುಗುವಾಗ ಒಂದೊಂದು ಸಿಲಿಂಡರ್ ಒಂದೊಂದು ಏಟು ಕೊಡುತ್ತದೆ. ಆ ಏಟು ಗೇರ್ ಹಲ್ಲುಗಳನ್ನು ಹಿಂದೆ ಮುಂದೆ ಕುಲುಕಿಸುತ್ತದೆ. ಅದನ್ನು ತಡೆಯೋದಕ್ಕೇ ಕ್ಲಚ್ ಪ್ಲೇಟಿನಲ್ಲಿ ಸ್ಪ್ರಿಂಗ್ ಇರೋದು. ಸ್ಪ್ರಿಂಗ್ ಸಡಿಲವಾದರೆ, ಐಡ್ಲಿಂಗ್ ತೀರಾ ಕಡಿಮೆ ಇಟ್ಟಿದ್ದರೆ, ಅಥವಾ ಒಂದು ಇಂಜೆಕ್ಟರ್ ಸರಿಯಾಗಿ ಹೊಡೆಯದಿದ್ದರೆ ಕಟಕಟ ಜಾಸ್ತಿಯಾಗುತ್ತದೆ. ಗುರುತಿಸೋದು ಸುಲಭ. ಆಕ್ಸಿಲರೇಟರ್ ಚೂರು ಒತ್ತಿ. ಕಟಕಟ ಮಾಯವಾದರೆ ಬಾಕ್ಸ್ ಮುಟ್ಟಬೇಡಿ, ಐಡ್ಲಿಂಗ್, ಇಂಜೆಕ್ಟರ್, ಕ್ಲಚ್ ಪ್ಲೇಟ್ ನೋಡಿ. ಎಂಜಿನ್ ವೇಗ ಏರಿದ ಹಾಗೆ ಗರಗರವೂ ಏರಿದರೆ ಅದು ಬೇರಿಂಗ್.

ಎರಡನೇ ಪರೀಕ್ಷೆ ಓಡಿಸಿ ಮಾಡುವುದು. ನಾನು ಬೆಳಗ್ಗೆ ಬೇಗ, ರಸ್ತೆ ಖಾಲಿ ಇದ್ದಾಗ ಆಯನೂರು ದಾಟಿದ ಮೇಲೆ ಮಾಡುತ್ತೇನೆ. ಅಲ್ಲಿಂದ ಶಿವಮೊಗ್ಗದ ಕಡೆಗೆ ನಮ್ಮ ಘಾಟಿ ರಸ್ತೆಯಷ್ಟು ಏರಿಳಿತ ಇಲ್ಲ. ಕಿಟಕಿ ತೆರೆದಿರಲಿ, ರೇಡಿಯೋ ಬಂದ್. ಒಂದೊಂದೇ ಗೇರಿನಲ್ಲಿ ಸ್ವಲ್ಪ ದೂರ ಓಡಿಸಿ. ಒಂದೇ ಗೇರಿನಲ್ಲಿ ಮಾತ್ರ ಸದ್ದು ಬಂದರೆ ಆ ಗೇರಿನ ಹಲ್ಲು ಸವೆದಿರಬಹುದು. ಎಲ್ಲ ಗೇರಿನಲ್ಲೂ ಗೊಂಯ್ ಅಂತಿದ್ದು ಡೈರೆಕ್ಟ್ ಗೇರಿಗೆ ಬಂದಾಗ ಕಡಿಮೆಯಾದರೆ, ಲೇ ಶಾಫ್ಟಿನ ಬೇರಿಂಗ್ ಅಥವಾ ಅದರ ಗೇರು. ಡೈರೆಕ್ಟ್ ಗೇರಿನಲ್ಲಿ ಎಂಜಿನ್ನಿನ ಬಲ ಮುಂದಿನ ಶಾಫ್ಟಿನಿಂದ ನೇರವಾಗಿ ಹಿಂದಿನ ಗಾಲಿಯ ಕಡೆಗೆ ಹೋಗುವ ಮೇನ್ ಶಾಫ್ಟಿಗೆ ಹೋಗುತ್ತದೆ. ಲೇ ಶಾಫ್ಟ್ ಭಾರವಿಲ್ಲದೆ ಸುಮ್ಮನೆ ತಿರುಗುತ್ತಿರುತ್ತದೆ. ಕೆಲವು ಗಾಡಿಯಲ್ಲಿ ಡೈರೆಕ್ಟ್ ಅಂದರೆ ನಾಲ್ಕನೇ ಗೇರು, ಕೆಲವದರಲ್ಲಿ ಐದನೇದು. ನಿಮ್ಮದು ಯಾವುದು ಅಂತ ಗಾಡಿ ಪುಸ್ತಕದಲ್ಲಿ ನೋಡಿಕೊಳ್ಳಿ.

ಇನ್ನು ಹಿಂದಿನ ಸದ್ದು. ಅದೇ ಸಮತಟ್ಟು ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದು ನ್ಯೂಟ್ರಲ್‌ಗೆ ಹಾಕಿ ಗಾಡಿ ತಾನೇ ಉರುಳಲಿ. ಇಳಿಜಾರಿನಲ್ಲಿ ಮಾತ್ರ ಈ ಕೆಲಸ ಬೇಡವೇ ಬೇಡ. ಎಂಜಿನ್ ವೇಗ ಇಳಿದರೂ ಸದ್ದು ಹಾಗೇ ಇದ್ದು, ಗಾಡಿ ನಿಧಾನವಾದ ಹಾಗೆ ಅದೂ ನಿಧಾನವಾದರೆ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಜಾಯಿಂಟ್ ಶಾಫ್ಟ್, ಅದರ ನಡುವಿನ ಸೆಂಟರ್ ಬೇರಿಂಗ್, ಎರಡೂ ಗಾಲಿಗೆ ಬಲ ಹಂಚುವ ಡಿಫರೆನ್ಷಿಯಲ್, ವೀಲ್ ಬೇರಿಂಗ್ ಇವುಗಳಲ್ಲಿ ಹುಡುಕಿ. ಬಾಕ್ಸಿನ ಹಿಂದಿನ ಬೇರಿಂಗ್ ಕೂಡ ಆಗಿರಬಹುದು, ಅದನ್ನು ಶಾಫ್ಟ್ ಕಳಚಿದಾಗ ಕೈಯಲ್ಲಿ ಅಲ್ಲಾಡಿಸಿ ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದರೆ ಡಿಫರೆನ್ಷಿಯಲ್‌ನ ಜೋಡಿ ಗೇರು, ಅಂದರೆ ಕ್ರೌನ್ ಪಿನಿಯನ್. ನಿಂತ ಗಾಡಿ ಹೊರಡಿಸುವಾಗ ಟಣ್ ಅಂದರೆ ಶಾಫ್ಟಿನ ತುದಿಯನ್ನು ಕೂಡಿಸುವ ಜಾಯಿಂಟ್ ಕ್ರಾಸ್. ಎಂಜಿನ್ ಆಫ್ ಮಾಡಿ, ಗಾಲಿಗೆ ಕಲ್ಲು ಕೊಟ್ಟು, ಕೆಳಗೆ ಹೋಗಿ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ. ಕ್ರಾಸಿನ ಕಪ್ಪಿನಲ್ಲಿ ಆಟ ಇದ್ದರೆ ಕಣ್ಣಿಗೇ ಕಾಣುತ್ತದೆ.

ಗೇರ್ ಹಾಕುವಾಗ ಮಾತ್ರ ಕರ್ರ್ ಅನ್ನೋದು ಬೇರೆಯದೇ ಕಾಯಿಲೆ. ಕ್ಲಚ್ ಪೂರ್ತಿ ಒತ್ತಿ 5-6 ಸೆಕೆಂಡ್ ಕಾದು ರಿವರ್ಸ್ ಹಾಕಿ. ಆಗಲೂ ಉಜ್ಜಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲ್ ಆಟ ಸರಿ ಮಾಡಿ, ಕ್ಲಚ್ ಸಿಲಿಂಡರ್ ಸೋರುತ್ತಿದೆಯಾ, ಲೈನಿನಲ್ಲಿ ಗಾಳಿ ಇದೆಯಾ ನೋಡಿ. ರಿವರ್ಸ್ ಸಲೀಸಾಗಿ ಬಿದ್ದು, ಓಡುವಾಗ ಎರಡಕ್ಕೋ ಮೂರಕ್ಕೋ ಹಾಕುವಾಗ ಮಾತ್ರ ಉಜ್ಜಿದರೆ ಆ ಗೇರಿನ ಸಿಂಕ್ರೋ ರಿಂಗ್ ಹೋಗಿದೆ, ಅಂದರೆ ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಬಳೆ. ಅದನ್ನು ಬದಲಾಯಿಸುವ ತನಕ ಡಬಲ್ ಕ್ಲಚ್ ಮಾಡಿ, ಅಂದರೆ ನ್ಯೂಟ್ರಲ್‌ಗೆ ಒಮ್ಮೆ, ಗೇರಿಗೆ ಇನ್ನೊಮ್ಮೆ ಕ್ಲಚ್ ಒತ್ತಿ ಓಡಿಸಬಹುದು. ಹಳೇ ಡ್ರೈವರ್‌ಗಳಿಗೆ ಅದು ಕಾಲಿಗೇ ಬರುತ್ತದೆ.

ಈಗ ಆಯಿಲ್ ವಿಷಯ. ಬಾಕ್ಸ್ ಇಳಿಸುವ ಮಾತಿಗೆ ಮೊದಲು ಇದನ್ನು ಮಾಡಲೇಬೇಕು. ಬಾಕ್ಸಿನ ಪಕ್ಕದಲ್ಲಿ ತುಂಬಿಸುವ ಪ್ಲಗ್ ಇರುತ್ತದೆ, ಕೆಳಗೆ ಡ್ರೈನ್ ಪ್ಲಗ್. ಯಾವತ್ತೂ ಮೊದಲು ಪಕ್ಕದ ಪ್ಲಗ್ ಬಿಚ್ಚಿ. ಕೆಳಗಿನದನ್ನು ಬಿಚ್ಚಿ ಆಯಿಲ್ ಪೂರ್ತಿ ಖಾಲಿಯಾದ ಮೇಲೆ ಪಕ್ಕದ್ದು ತುಕ್ಕು ಹಿಡಿದು ಬರಲಿಲ್ಲ ಅಂದರೆ ಗಾಡಿ ಅಲ್ಲೇ ನಿಂತಿತು. ಸಮತಟ್ಟು ಜಾಗದಲ್ಲಿ ಪಕ್ಕದ ತೂತಿನ ಅಂಚಿನವರೆಗೆ ಆಯಿಲ್ ಇರಬೇಕು. ಬೆರಳು ಹಾಕಿ ನೋಡಿದರೆ ತಾಗಬೇಕು. ಕಡಿಮೆ ಇದ್ದರೆ ಎಲ್ಲಿ ಸೋರುತ್ತಿದೆ ಅಂತ ಹುಡುಕಿ. ಮುಂದಿನ ಸೀಲ್ ಸೋರಿದರೆ ಆಯಿಲ್ ಕ್ಲಚ್ ಪ್ಲೇಟಿಗೂ ಹೋಗುತ್ತದೆ.

ಆಯಿಲ್ ಬಿಸಿ ಇರುವಾಗಲೇ ಇಳಿಸಿ, ಆದರೆ ಕೈ ಸುಡುವಷ್ಟು ಅಲ್ಲ. ಡ್ರೈನ್ ಪ್ಲಗ್‌ನಲ್ಲಿ ಆಯಸ್ಕಾಂತ ಇದ್ದರೆ ಅದರ ತುದಿಯಲ್ಲಿ ಕಪ್ಪು ಕೆಸರು ಮೆತ್ತಿಕೊಂಡಿರುತ್ತದೆ. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ನಿಧಾನವಾಗಿ ಉಜ್ಜಿ. ಕಾಡಿಗೆಯ ಹಾಗೆ ನುಣ್ಣಗಿದ್ದರೆ ಅದು ಹಲ್ಲು ಹಲ್ಲಿಗೆ ತಾಗಿ ಸವೆದ ಪುಡಿ, ಹಳೇ ಗಾಡಿಯಲ್ಲಿ ಇದ್ದದ್ದೇ. ಉಗುರಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲಿನ ತುದಿ ಮುರಿದಿದೆ. ಹೊಳೆಯುವ ತೆಳು ಹಾಳೆಯಂಥ ಚಕ್ಕೆ ಸಿಕ್ಕರೆ ಬೇರಿಂಗಿನ ಮೈ ಎದ್ದು ಬರುತ್ತಿದೆ. ಆಮೇಲೆ ಆಯಿಲನ್ನು ಬಿಳಿ ಮುಚ್ಚಳಕ್ಕೆ ಸ್ವಲ್ಪ ಹಾಕಿ ಬಿಸಿಲಿಗೆ ಹಿಡಿಯಿರಿ. ಬಂಗಾರದ ಬಣ್ಣದ ಸಣ್ಣ ಕಣ ಮಿನುಗಿದರೆ ಅದು ಹಿತ್ತಾಳೆಯ ಸಿಂಕ್ರೋ ರಿಂಗಿನದು. ಮೇಸ್ತ್ರಿ ಹತ್ತಿರ ಹೋಗುವಾಗ ಆ ಪ್ಲಗ್ ಒರೆಸಬೇಡಿ, ಹಾಗೇ ತೋರಿಸಿ. ನಾನು ಗಾಡಿ ಬಿಡುವ ಮೇಸ್ತ್ರಿ ಮೊದಲು ಕೇಳೋದೇ, "ಅಣ್ಣಾ, ಪ್ಲಗ್ಗಲ್ಲಿ ಏನು ಬಂತು?" ಅಂತ.

ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮಲೆನಾಡಿನಲ್ಲಿ ಇದು ಜಾಸ್ತಿ. ಬಾಕ್ಸಿನ ಮೇಲೆ ಬ್ರೀದರ್ ಅಂತ ಒಂದು ಸಣ್ಣ ಮೂತಿ ಇರುತ್ತದೆ, ಬಿಸಿಯಾದಾಗ ಗಾಳಿ ಹೊರಗೆ ಹೋಗಲು. ಮಳೆಗಾಲದಲ್ಲಿ ತೋಟದ ದಾರಿಯ ಕೆಂಪು ಕೆಸರು ಅದಕ್ಕೆ ಮೆತ್ತಿ ಒಣಗಿದರೆ ಮುಗೀತು. ಬಿಸಿಯಾದಾಗ ಒತ್ತಡ ತಡೆಯದೆ ಸೀಲ್ ಸೋರುತ್ತದೆ. ಬಿಸಿ ಬಾಕ್ಸ್ ಹಳ್ಳದ ನೀರಿಗೆ ಇಳಿದು ದಿಢೀರ್ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಅದೇ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯಿರಿ. ಗಾಡಿ ತೊಳೆಯುವಾಗ ಪ್ರೆಶರ್ ನೀರನ್ನು ಅದರ ಮೇಲೆ ನೇರವಾಗಿ ಬಿಡಬೇಡಿ.

ಯಾವ ಆಯಿಲ್ ಅಂದರೆ, ಗಾಡಿ ಪುಸ್ತಕ ಹೇಳಿದ್ದೇ. ಹಳೇ ಲಾರಿಗಳ ಬಾಕ್ಸಿಗೆ ಸಾಮಾನ್ಯವಾಗಿ ಜಿಎಲ್-4 ದರ್ಜೆಯ 80 ಡಬ್ಲ್ಯೂ 90 ಅಥವಾ 90 ನಂಬರ್ ಹೇಳಿರುತ್ತಾರೆ. ಜಿಎಲ್ ಅನ್ನೋದು ಗೇರ್ ಆಯಿಲಿನ ದರ್ಜೆ, ನಂಬರ್ ಅನ್ನೋದು ಅದರ ಗಟ್ಟಿತನ. ಡಿಫರೆನ್ಷಿಯಲ್‌ಗೆ ಜಿಎಲ್-5. ಉಳಿದಿದೆ ಅಂತ ಡಿಫರೆನ್ಷಿಯಲ್ ಆಯಿಲನ್ನೇ ಬಾಕ್ಸಿಗೆ ಹಾಕುವವರಿದ್ದಾರೆ. ಜಿಎಲ್-5ರಲ್ಲಿ ರಾಸಾಯನಿಕ ಜಾಸ್ತಿ ಇದ್ದು, ಅಂಥ ಕೆಲವು ಆಯಿಲ್‌ಗಳು ಹಿತ್ತಾಳೆ ರಿಂಗನ್ನು ತಿನ್ನುತ್ತವೆ. ಸದ್ದು ಅಡಗಲಿ ಅಂತ ಗಟ್ಟಿ ಆಯಿಲ್ ಸುರಿಯೋದು, ಗ್ರೀಸ್ ಬೆರೆಸೋದು ಕೂಡ ಬೇಡ. ಸದ್ದು ಕಡಿಮೆಯಾಗುತ್ತದೆ ನಿಜ, ಆದರೆ ಸಣ್ಣ ಬೇರಿಂಗ್‌ಗಳಿಗೆ ಆಯಿಲ್ ಹೋಗೋದೇ ಇಲ್ಲ. ಹಳೇ ಗಾಡಿ ಕೊಳ್ಳುವಾಗ ಬಾಕ್ಸ್ ತೀರಾ ನಿಶ್ಶಬ್ದವಾಗಿದ್ದರೆ ಪಕ್ಕದ ಪ್ಲಗ್ ಬಿಚ್ಚಿ ನೋಡಿಯೇ ಕೊಳ್ಳಿ. ಮರದ ಹೊಟ್ಟು ಹಾಕಿ ಸದ್ದು ಮುಚ್ಚುವ ಉಪಾಯ ತುಂಬಾ ಹಳೆಯದು. ಇಳಿಸಿದ ಹಳೇ ಆಯಿಲ್ ಹಳ್ಳಕ್ಕೆ ಬಿಡಬೇಡಿ ಮಾರಾಯ್ರೆ. ನಮ್ಮ ಕಡೆಯ ಹಳ್ಳ ಶರಾವತಿಗೋ ವಾರಾಹಿಗೋ ಸೇರುತ್ತದೆ. ಡಬ್ಬದಲ್ಲಿ ತುಂಬಿ ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ.

ಯಾವ ಸದ್ದಿಗೆ ಗಾಡಿ ನಿಲ್ಲಿಸಲೇಬೇಕು? ಪ್ಲಗ್‌ನಲ್ಲಿ ಚೂರು ಬಂದಿದ್ದರೆ, ಗೊಂಯ್ ಅಂತಿದ್ದದ್ದು ಕರಕರ ಅನ್ನೋಕೆ ಶುರುವಾದರೆ, ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ. ಕೊನೆಯದಂತೂ ಘಾಟಿಯಲ್ಲಿ ಪ್ರಾಣಕ್ಕೇ ಬರುತ್ತದೆ. ಹುಲಿಕಲ್ ಇಳಿಯುವಾಗ ಲೋಡ್ ಗಾಡಿಯನ್ನು ಹಿಡಿದಿರೋದು ಎಂಜಿನ್ನೇ ಹೊರತು ಬರೀ ಬ್ರೇಕ್ ಅಲ್ಲ. ಗೇರ್ ಹಾರಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿಯೋದನ್ನೇ ಬಿಡುತ್ತದೆ. ಗೇರ್ ಹಾರುವ ಗಾಡಿಗೆ ಲೋಡ್ ಒಪ್ಪಿಕೊಳ್ಳಬೇಡಿ, ಬಾಡಿಗೆ ಎಷ್ಟೇ ಕೊಡಲಿ.

ಹಾಗೆ ನಿಂತ ಗಾಡಿಯನ್ನು ಎಳೆಸುವಾಗ ಜಾಯಿಂಟ್ ಶಾಫ್ಟ್ ಕಳಚಿಯೇ ಎಳೆಸಿ. ಬಾಕ್ಸಿನೊಳಗೆ ಆಯಿಲ್ ಚಿಮ್ಮಿಸೋದು ಲೇ ಶಾಫ್ಟಿನ ಗೇರು. ಎಂಜಿನ್ ನಿಂತು ಹಿಂದಿನ ಗಾಲಿ ಮಾತ್ರ ತಿರುಗಿದರೆ ಮೇನ್ ಶಾಫ್ಟ್ ತಿರುಗುತ್ತದೆ, ಲೇ ಶಾಫ್ಟ್ ನಿಂತಿರುತ್ತದೆ. ಶಿವಮೊಗ್ಗದವರೆಗೆ ಹಾಗೇ ಎಳೆಸಿದರೆ ಚೆನ್ನಾಗಿದ್ದ ಬೇರಿಂಗೂ ಒಣಗಿ ಸುಟ್ಟುಹೋಗುತ್ತದೆ.

ಬಾಕ್ಸ್ ಇಳಿಸೋದು ಇಬ್ಬರು ಕೈಯಲ್ಲಿ ಹಿಡಿದು ಮಾಡುವ ಕೆಲಸ ಅಲ್ಲ. ಚೈನ್ ಪುಲ್ಲಿ ಅಥವಾ ಗೇರ್ ಬಾಕ್ಸ್ ಜಾಕ್ ಇರುವ ಕಡೆ ಮಾಡಿಸಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರನ್ನೂ ಮಲಗಿಸಬೇಡಿ. ಬಿಚ್ಚಿದ ಮೇಲೆ ಒಂದೇ ಬೇರಿಂಗ್ ಹಾಕಿ ಮುಚ್ಚಬೇಡಿ. ಒಂದು ಬೇರಿಂಗಿನ ಚೂರು ಆಯಿಲ್ ಜೊತೆ ಎಲ್ಲ ಕಡೆ ಸುತ್ತಿರುತ್ತದೆ. ಬೇರಿಂಗ್, ಸೀಲ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಎಲ್ಲ ಒಟ್ಟಿಗೇ ಹಾಕಿಸಿ, ಕ್ಲಚ್ ಪ್ಲೇಟ್ ಸವೆದಿದ್ದರೆ ಅದನ್ನೂ. ಗೇರ್ ಬದಲಾಯಿಸಿದರೆ ಅದರ ಜೋಡಿ ಗೇರನ್ನೂ ಬದಲಾಯಿಸಿ. ಹೊಸ ಹಲ್ಲು ಹಳೇ ಹಲ್ಲು ಕೂಡಿದರೆ ಮತ್ತೆ ಗೊಂಯ್ ಶುರು. ಶಾಫ್ಟಿಗೆ ಬೇರಿಂಗ್ ಕೂರಿಸುವಾಗ ಪ್ರೆಸ್ ಅಥವಾ ಪೈಪಿನಿಂದ ಒಳಗಿನ ರಿಂಗಿನ ಮೇಲೆ ಮಾತ್ರ ಒತ್ತಬೇಕು. ಹೊರಗಿನ ರಿಂಗಿಗೆ ಸುತ್ತಿಗೆ ಬಿದ್ದರೆ ಹೊಸ ಬೇರಿಂಗಿನ ಒಳಗೆ ಗುಂಡುಗಳ ಗುರುತು ಬಿದ್ದು ಅಲ್ಲಿಂದಲೇ ಸದ್ದು ಹುಟ್ಟುತ್ತದೆ. ಇದು ಮೇಸ್ತ್ರಿಯ ಕೆಲಸ, ಆದರೆ ಪಕ್ಕದಲ್ಲಿ ನಿಂತು ನೋಡಿ. ಒಳ್ಳೇ ಮೇಸ್ತ್ರಿ ಬೇಡ ಅನ್ನೋದಿಲ್ಲ.

ಏರಿಸಿದ ಮೇಲೆ ಮೊದಲ ಸಲ ಖಾಲಿ ಗಾಡಿ ಓಡಿಸಿ. ರಿಪ್ಪನ್‌ಪೇಟೆಗೆ ಹೋಗಿ ಬಂದು, ಬಾಕ್ಸಿನ ಬೇರಿಂಗ್ ಕವರ್ ಹತ್ತಿರ ಕೈ ಹಿಂಭಾಗ ತಂದು ಬಿಸಿ ನೋಡಿ. ಒಂದು ಕಡೆ ಮಾತ್ರ ವಿಪರೀತ ಬಿಸಿ ಇದ್ದರೆ ಆ ಬೇರಿಂಗ್ ಬಿಗಿ ಕೂತಿದೆ. ರಾತ್ರಿ ಗಾಡಿ ಕೆಳಗೆ ಹಳೇ ರಟ್ಟು ಹಾಸಿ, ಬೆಳಗ್ಗೆ ಆಯಿಲ್ ಹನಿ ಎಲ್ಲಿ ಬಿದ್ದಿದೆ ಅಂತ ನೋಡಿ. ಮೊದಲ 1000 ಕಿಲೋಮೀಟರ್ ಆದಾಗ ಆಯಿಲ್ ಒಮ್ಮೆ ಬದಲಾಯಿಸಿ, ಮೌಂಟಿಂಗ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಪ್ಲಗ್‌ನಲ್ಲಿ ನುಣ್ಣನೆ ಪುಡಿ ಮಾತ್ರ ಬಂದಿದ್ದರೆ ಅಡಿಕೆ ಲೋಡ್ ಮಾಡಬಹುದು.