ಸವಳು ನೀರಿನ ಸೀಮೆಯಲ್ಲಿ ತೆಂಗಿನ ನಾರಿನ ಬಿಲ್ಲೆ: ಸಸಿ ಎಬ್ಬಿಸುವ ಕ್ರಮ

ಒತ್ತಿ ಒಣಗಿಸಿದ ತೆಂಗಿನ ನಾರಿನ ಬಿಲ್ಲೆಯನ್ನು ನೀರಿಗೆ ಹಾಕಿ, ಉಬ್ಬಿದ ಮೇಲೆ ಬೀಜ ಇಡಿ. ಪ್ಯಾಕೆಟ್ ಮೇಲೆ ಇರುವುದು ಇಷ್ಟೇ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇಷ್ಟಕ್ಕೇ ನಿಂತರೆ ಮೆಣಸಿನಕಾಯಿ ಅಗಿ (ಸಸಿ) ಎರಡೆಲೆಯಲ್ಲೇ ಅಂಚು ಸುಟ್ಟುಕೊಂಡು ನಿಂತುಬಿಡುತ್ತದೆ. ಬೀಜ ಸರಿಯಿಲ್ಲ ಎಂದು ಅಂಗಡಿಯವರ ಮೇಲೆ ಸಿಟ್ಟಾಗುವ ಮೊದಲು ಉಪ್ಪಿನ ಲೆಕ್ಕ ನೋಡಬೇಕು. ನಾರಿನ ಪುಡಿಯಲ್ಲಿ ಸೋಡಿಯಂ, ಪೊಟ್ಯಾಶ್ ಮೊದಲೇ ಇರುತ್ತವೆ. ಕರಾವಳಿಯ ಉಪ್ಪು ನೀರಿನಲ್ಲಿ ನೆನೆಹಾಕಿದ ಸಿಪ್ಪೆಯ ಪುಡಿಯಾದರಂತೂ ಹೆಚ್ಚೇ. ಬೋರ್ ನೀರು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಬಿಸಿಗಾಳಿ ನೀರನ್ನು ಒಯ್ದು ಉಪ್ಪನ್ನು ಅಲ್ಲೇ ಬಿಡುತ್ತದೆ.

ಆದ್ದರಿಂದ ಮೊದಲ ಕೆಲಸ ನೀರು ಹೊಂದಿಸಿಕೊಳ್ಳುವುದು. ಕಾಲುವೆ ಬಿಟ್ಟಿರುವ ತಿಂಗಳುಗಳಲ್ಲಿ ತುಂಗಭದ್ರಾ ನೀರು ಸಿಕ್ಕರೆ ಅದೇ ಒಳ್ಳೆಯದು. ಒಂದು ರಾತ್ರಿ ಬಕೆಟ್‌ನಲ್ಲಿ ನಿಲ್ಲಿಸಿ, ರೇವೆ ಕೆಳಗಿಳಿದ ಮೇಲೆ ಬಟ್ಟೆಯಲ್ಲಿ ಸೋಸಿ. ಬೇಸಿಗೆಯಲ್ಲಿ ಕಾಲುವೆ ಒಣಗಿದಾಗ ಊರಿನ ಶುದ್ಧ ಕುಡಿಯುವ ನೀರಿನ ಘಟಕದ 20 ಲೀಟರ್ ಕ್ಯಾನ್ ಒಂದು ತಂದರೆ 100 ಬಿಲ್ಲೆಗಳನ್ನು ತೊಳೆದು ಸಿದ್ಧಮಾಡಲು ಸಾಕು. ಇಷ್ಟು ಕಡಿಮೆ ನೀರಿನ ವಿಷಯದಲ್ಲಿ ಸವಳು ಬೋರ್ ನೀರಿಗೆ ಕೈಹಾಕಲೇಬೇಡಿ.

ಯಾವುದಕ್ಕೆ ಬಿಲ್ಲೆ, ಯಾವುದಕ್ಕೆ ಬೇಡ ಎನ್ನುವುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಎಕರೆಗಟ್ಟಲೆ ಮೆಣಸಿನಕಾಯಿಗೆ ಸಾವಿರಾರು ಅಗಿ ಬೇಕು. ಅಲ್ಲಿ 98 ಗುಳಿಯ ಪ್ರೋಟ್ರೇ (ಸಸಿ ತಟ್ಟೆ), ಸಡಿಲ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇದ್ದರೇ ಹಣ ಉಳಿಯುತ್ತದೆ. ಬೇರು ಅಲುಗಿದರೆ ಸೊರಗುವ ಪಪ್ಪಾಯಿ, ಹೀರೆ, ಹಾಗಲ, ಸೌತೆ, ಕಲ್ಲಂಗಡಿಗೆ, ದುಬಾರಿ ಹೈಬ್ರಿಡ್ ಬೀಜಕ್ಕೆ, ಹಿತ್ತಲಿನ ಹತ್ತಿಪ್ಪತ್ತು ಗಿಡಗಳಿಗೆ ಬಿಲ್ಲೆಯಷ್ಟು ಅನುಕೂಲವಾದದ್ದು ಬೇರೊಂದಿಲ್ಲ. 30 ಮಿ.ಮೀ. ಬಿಲ್ಲೆ ಟೊಮೆಟೊಗೆ ನಡೆಯುತ್ತದೆ. ಬಳ್ಳಿ ತರಕಾರಿಗೆ 40 ಮಿ.ಮೀ. ಆಸುಪಾಸಿನದು, ಪಪ್ಪಾಯಿಗೆ 50 ಮಿ.ಮೀ. ಇರಲಿ.

ತೊಳೆಯುವ ಕ್ರಮ

40 ಮಿ.ಮೀ. ಆಸುಪಾಸಿನ ಒಂದು ಬಿಲ್ಲೆ ಸುಮಾರು 40–50 ಮಿ.ಲೀ. ನೀರು ಕುಡಿಯುತ್ತದೆ. 100 ಬಿಲ್ಲೆಗಳನ್ನು ಅಗಲ ಬುಟ್ಟಿಯಲ್ಲಿ, ಗುಳಿ ಇರುವ ಬದಿ ಮೇಲೆ ಬರುವಂತೆ ಜೋಡಿಸಿ, 8 ಲೀಟರ್ ನೀರು ಹಾಕಿ. ಉಗುರುಬೆಚ್ಚಗಿನ ನೀರಾದರೆ ಹತ್ತು ನಿಮಿಷದೊಳಗೆ ಉಬ್ಬುತ್ತವೆ, ತಣ್ಣೀರಾದರೆ ಅರ್ಧ ಗಂಟೆ ಬೇಕಾದೀತು. ಒಳಗೆ ಗಟ್ಟಿ ಉಳಿದಿದ್ದರೆ ಬೆರಳಿಗೆ ತಿಳಿಯುತ್ತದೆ. ಇನ್ನಷ್ಟು ಹೊತ್ತು ಬಿಡಿ. ಆಮೇಲೆ ಒಂದೊಂದನ್ನೇ ಅಂಗೈಯಲ್ಲಿ ಮೆಲ್ಲಗೆ ಒತ್ತಿ, ಕಂದು ನೀರು ಚೆಲ್ಲಿ. ಬಟ್ಟೆ ಹಿಂಡುವಂತೆ ತಿರುಚಿದರೆ ಬಿಲ್ಲೆಯ ಸುತ್ತಲಿನ ಜಾಲರಿ ಹರಿಯುತ್ತದೆ, ಪುಡಿ ಅಂಟಿಕೊಂಡು ಗಾಳಿಯಾಡುವ ಜಾಗ ಹೋಗುತ್ತದೆ.

ಎರಡನೆಯ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. 6 ಲೀಟರ್ ನೀರಿಗೆ 12 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ಅಂದರೆ ಲೀಟರಿಗೆ 2 ಗ್ರಾಂ, ಕರಗಿಸಿ ಬಿಲ್ಲೆಗಳನ್ನು ರಾತ್ರಿಯಿಡೀ ಅದರಲ್ಲಿ ಬಿಡಿ. ಬರೀ ನೀರಿನಲ್ಲಿ ತೊಳೆದರೆ ಮೇಲುಮೇಲಿನ ಉಪ್ಪು ಮಾತ್ರ ಹೋಗುತ್ತದೆ. ನಾರಿಗೆ ಅಂಟಿಕೊಂಡ ಸೋಡಿಯಂ, ಪೊಟ್ಯಾಶ್ ಕದಲಬೇಕಾದರೆ ಆ ಜಾಗಕ್ಕೆ ಕ್ಯಾಲ್ಸಿಯಂ ಹೋಗಿ ಕೂರಬೇಕು. ಹಾಗೆ ಮಾಡದಿದ್ದರೆ ಮುಂದೆ ಸಸಿಗೆಂದು ಹಾಕಿದ ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡನ್ನೂ ನಾರೇ ಹಿಡಿದಿಟ್ಟುಕೊಳ್ಳುತ್ತದೆ, ಎಳೆ ಎಲೆ ಮುರುಟುತ್ತದೆ. ಅದನ್ನೇ ಮುಟುರು ರೋಗವೆಂದು ಬಗೆದು ಔಷಧಿ ಹೊಡೆಯುವವರಿದ್ದಾರೆ. ಬೆಳಿಗ್ಗೆ ಮತ್ತೆ ಒತ್ತಿ, ಉಳಿದ 6 ಲೀಟರ್‌ನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ನೀರಿನ ಉಪ್ಪಿನಂಶ ತಿಳಿಸುವ ಇಸಿ ಮೀಟರ್ ಇದ್ದರೆ ಹಿಂಡಿದ ನೀರನ್ನು ಅಳೆಯಿರಿ: 1 ಮಿಲಿಸೀಮೆನ್ಸ್ ಒಳಗಿದ್ದರೆ ಬಿತ್ತಬಹುದು, 1.5 ದಾಟಿದ್ದರೆ ಇನ್ನೊಮ್ಮೆ ತೊಳೆಯಬೇಕು.

ಬಿತ್ತುವುದು

ಒತ್ತಿದ ಮೇಲೆ ಬಿಲ್ಲೆಯ ತುದಿಯನ್ನು ಬೆಂಕಿಕಡ್ಡಿಯಿಂದ ಕೆದಕಿ ಸಡಿಲಮಾಡಿ. ಮೆಣಸಿನಕಾಯಿ, ಟೊಮೆಟೊ, ಬದನೆ ಬೀಜ ಅರ್ಧದಿಂದ ಒಂದು ಸೆಂ.ಮೀ. ಆಳಕ್ಕೆ, ಬಳ್ಳಿ ತರಕಾರಿ ಬೀಜ ಎರಡು ಸೆಂ.ಮೀ. ಆಳಕ್ಕೆ ಹೋಗಲಿ. ಕೆದಕಿದ ಪುಡಿಯನ್ನೇ ಮೇಲೆ ಮುಚ್ಚಿ. ತೀರ ಮೇಲೆ ಇಟ್ಟರೆ ಮೊಳಕೆ ಬೀಜದ ಸಿಪ್ಪೆಯನ್ನು ಕಳಚಿಕೊಳ್ಳಲಾರದೆ ಟೋಪಿ ಹಾಕಿಕೊಂಡಂತೆಯೇ ಮೇಲೇಳುತ್ತದೆ. ಹಾಗಲದ ಬೀಜದ ಸಿಪ್ಪೆ ದಪ್ಪ, ರಾತ್ರಿ ನೆನೆಸಿಡಿ. ಬಣ್ಣ ಹಚ್ಚಿದ ಬೀಜಕ್ಕೆ ಔಷಧಿ ಲೇಪನವಿರುತ್ತದೆ. ಅದನ್ನು ನೆನೆಸಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ.

ಮೆಣಸಿನಕಾಯಿ ಚೆನ್ನಾಗಿ ಮೊಳೆಯುವುದು 25–30 ಡಿಗ್ರಿಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುವ ನಮ್ಮಲ್ಲಿ ಕಪ್ಪು ಟ್ರೇಯನ್ನು ಅಂಗಳದಲ್ಲಿಟ್ಟರೆ ಬೀಜ ಬೆಂದೇ ಹೋಗುತ್ತದೆ. ಮೊಳೆಯುವ ತನಕ ಒಳಮನೆಯ ತಣ್ಣನೆಯ ಬಂಡೆಯ ಮೇಲಿಟ್ಟು, ಒದ್ದೆ ಗೋಣಿ ಹೊದಿಸಿ. ಟೊಮೆಟೊ ಐದಾರು ದಿನ, ಮೆಣಸಿನಕಾಯಿ ವಾರದಿಂದ ಹತ್ತು ದಿನ, ಪಪ್ಪಾಯಿ ಎರಡು ಮೂರು ವಾರ. ಮೊದಲ ಮೊಳಕೆ ಕಂಡ ದಿನವೇ ಗೋಣಿ ತೆಗೆದು ಶೇ 50ರ ನೆರಳು ಪರದೆಯಡಿ ಇಡಬೇಕು. ಒಂದು ದಿನ ತಡವಾದರೂ ಸಸಿ ಬೆಳಕು ಹುಡುಕುತ್ತ ದಾರದಂತೆ ಉದ್ದವಾಗುತ್ತದೆ, ಮತ್ತೆ ಗಟ್ಟಿಯಾಗುವುದಿಲ್ಲ. ಬಿಳಿ ನೊಣ, ಥ್ರಿಪ್ಸ್ ಬರದಂತೆ ಸುತ್ತ ಸಣ್ಣ ಕಣ್ಣಿನ ಕೀಟ ಪರದೆ ಕಟ್ಟಿ. ಮುಟುರು ರೋಗದ ವೈರಸ್ಸನ್ನು ಸಸಿಗೆ ತರುವುದು ಬಿಳಿ ನೊಣ.

ನೀರು ಮತ್ತು ಗೊಬ್ಬರ

ಟ್ರೇಗೆ ಅರ್ಧ ಸೆಂ.ಮೀ. ನೀರು ಹಾಕಿ, ಬಿಲ್ಲೆ ಕುಡಿದ ಮೇಲೆ ಕಾಲು ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲಿಬಿಡಿ. ನೀರು ನಿಂತರೆ ಬುಡ ಕೊಳೆತು ಸಸಿ ಮಗುಚಿ ಬೀಳುತ್ತದೆ. ಪಕ್ಕದ ಬಿಲ್ಲೆಗೂ ಅದು ಹರಡುತ್ತದೆ. ಬಿದ್ದ ಸಸಿಯನ್ನು ಬಿಲ್ಲೆ ಸಮೇತ ಎತ್ತಿ ಎಸೆದು, ಉಳಿದವಕ್ಕೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬುಡಕ್ಕೆ ಹನಿಸಿ. ಮೊದಲೇ ಟ್ರೈಕೋಡರ್ಮ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಕೊಟ್ಟಿದ್ದರೆ ತಾಮ್ರದ ಔಷಧಿ ಅದಕ್ಕೂ ಹಾನಿ ಮಾಡಬಹುದು ಎಂಬುದು ನೆನಪಿರಲಿ.

ಕೆಳಗಿನಿಂದ ನೀರು ಕೊಡುವ ಪದ್ಧತಿಗೆ ನಮ್ಮ ಹವೆಯಲ್ಲಿ ಒಂದು ಕೊರತೆ ಇದೆ. ನೀರು ಮೇಲೇರಿ ಆರುತ್ತದೆ, ಉಪ್ಪು ಮೇಲ್ಭಾಗದಲ್ಲಿ, ಸರಿಯಾಗಿ ಕಾಂಡದ ಸುತ್ತ, ಬಿಳಿ ಪುಡಿಯಾಗಿ ಕೂರುತ್ತದೆ. ಅದಕ್ಕೆ ವಾರಕ್ಕೊಮ್ಮೆ ಒಳ್ಳೆಯ ನೀರನ್ನು ಮೇಲಿನಿಂದ ಹನಿಸಿ, ಕೆಳಗೆ ಸೋರಿ ಹೋಗಲು ಬಿಡಿ. ನೀರು ಬೇಕೋ ಬೇಡವೋ ಎಂಬುದನ್ನು ಬಿಲ್ಲೆಯ ತೂಕದಿಂದ ತಿಳಿಯಿರಿ. ಮೇಲ್ಮೈ ಒಣಗಿ ತಿಳಿ ಬಣ್ಣಕ್ಕೆ ತಿರುಗಿದ್ದರೂ ಒಳಗೆ ಹಸಿ ಇರುತ್ತದೆ. ಪೂರ್ತಿ ಒಣಗಲು ಮಾತ್ರ ಬಿಡಬೇಡಿ.

ನಾರಿನಲ್ಲಿ ಸಸಿ ಬೆಳೆಸುವಷ್ಟು ಆಹಾರವಿಲ್ಲ. ಬೀಜದೆಲೆಯ ನಂತರದ ಮೊದಲ ನಿಜ ಎಲೆ ಬಿಚ್ಚಿದಾಗ ಲೀಟರಿಗೆ ಅರ್ಧ ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮವಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ), ವಾರದ ನಂತರ ಒಂದು ಗ್ರಾಂ, ವಾರಕ್ಕೆ ಎರಡು ಸಲ ಕೊಡಿ. ಕ್ಯಾಲ್ಸಿಯಂ ನೈಟ್ರೇಟನ್ನು ಇದರ ಜೊತೆ ಒಂದೇ ಬಕೆಟ್‌ನಲ್ಲಿ ಬೆರೆಸಿದರೆ ರಂಜಕದೊಂದಿಗೆ ಸೇರಿ ತಳಕ್ಕಿಳಿಯುತ್ತದೆ, ಎರಡೂ ವ್ಯರ್ಥ.

ನಾಟಿ

ಬಳ್ಳಿ ತರಕಾರಿ 15–18 ದಿನಕ್ಕೆ, ಟೊಮೆಟೊ 25 ದಿನಕ್ಕೆ ಹೊಲಕ್ಕೆ ಹೋಗಬೇಕು. ಮೆಣಸಿನಕಾಯಿ ಅಗಿ 35–40 ದಿನ ಕಾಯುವುದರಿಂದ ಸಣ್ಣ ಬಿಲ್ಲೆ ಸಾಲದು. ಜಾಲರಿಯಿಂದ ಬಿಳಿ ಬೇರು ಹೊರಬಂದ ಕೂಡಲೇ ಬಿಲ್ಲೆ ಸಮೇತ ದೊಡ್ಡ ಕಪ್‌ಗೆ ಇಳಿಸಿ. ನಾಟಿಗೆ ಒಂದು ವಾರ ಮೊದಲಿನಿಂದ ದಿನದಿನಕ್ಕೆ ಬಿಸಿಲು ಹೆಚ್ಚಿಸುತ್ತ ಹೋಗಿ, ಆದರೆ ಮಧ್ಯಾಹ್ನದ ಗಾಳಿಗೆ ಏಕಾಏಕಿ ಒಡ್ಡಬೇಡಿ.

ಜಾಲರಿಯನ್ನು ಕತ್ತರಿಯಿಂದ ಎರಡು ಕಡೆ ಸೀಳಿ ತೆಗೆಯಿರಿ. ಹಲವು ಬಿಲ್ಲೆಗಳ ಜಾಲರಿ ಪ್ಲಾಸ್ಟಿಕ್‌ನದು, ಮಣ್ಣಲ್ಲಿ ಕರಗುವುದಿಲ್ಲ, ಕಾಂಡ ದಪ್ಪಗಾದಾಗ ಬುಡವನ್ನು ಬಿಗಿಯುತ್ತದೆ. ಎರೆ ಭೂಮಿಯಲ್ಲಿ ನೆಡುವಾಗ ಇನ್ನೂ ಒಂದು ಎಚ್ಚರ ಬೇಕು: ಒಣ ಎರೆ ಮಣ್ಣು ನಾರಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಹಿಂದಿನ ದಿನವೇ ಗುಳಿಗೆ ನೀರು ಕಟ್ಟಿ ಹದಮಾಡಿ, ಬಿಲ್ಲೆಯನ್ನು ಪೂರ್ತಿ ನೆನೆಸಿ, ಸಂಜೆ ನೆಡಿ. ಬಿಲ್ಲೆಯ ತಲೆ ಒಂದು ಸೆಂ.ಮೀ. ಮಣ್ಣಿನಡಿ ಇರಲಿ, ಇಲ್ಲದಿದ್ದರೆ ತೆರೆದ ನಾರು ಬತ್ತಿಯಂತೆ ಒಳಗಿನ ನೀರನ್ನೆಲ್ಲ ಗಾಳಿಗೆ ಒಯ್ಯುತ್ತದೆ. ಸುತ್ತ ಮಣ್ಣನ್ನು ಬೆರಳಿನಿಂದ ಒತ್ತಿ, ಪೊಳ್ಳು ಉಳಿಯದಂತೆ ನೋಡಿ. ಮೊದಲ ನಾಲ್ಕೈದು ದಿನ ಹನಿ ನೀರಾವರಿಯ ಹನಿ ಬಿಲ್ಲೆಯ ಮೇಲೇ ಬೀಳಲಿ, ಬೇರು ಮಣ್ಣಿಗಿಳಿದ ಮೇಲೆ ಪೈಪನ್ನು ಒಂದು ಗೇಣು ಆಚೆ ಸರಿಸಿ.