ಯಾರ ಗಾಲ್ಫ್ ಕೋರ್ಸ್ ಕಠಿಣ? ಸ್ಲೋಪ್ ಒಂದನ್ನೇ ನೋಡಿ ಹೇಳಬೇಡಿ

ಬೆಳಗಾವಿಯ ಗಾಲ್ಫ್ ಆಟಗಾರರು ಗೋವಾ, ಪುಣೆ, ಬೆಂಗಳೂರಿನವರ ಜೊತೆ ಮಾತಿಗೆ ಕೂತರೆ ಒಂದಲ್ಲ ಒಂದು ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ: “ನಿಮ್ಮ ಕೋರ್ಸಿನ ಸ್ಲೋಪ್ ಎಷ್ಟ್ ಐತ್ರಿ?” ಸ್ಲೋಪ್ ಎಂದರೆ ಸ್ಕೋರ್‌ಕಾರ್ಡಿನಲ್ಲಿ ಕೊಡುವ, ಕೋರ್ಸಿನ ಕಷ್ಟಕ್ಕೆ ಸಂಬಂಧಿಸಿದ ಒಂದು ಅಂಕಿ. ಒಬ್ಬರು 118 ಎನ್ನುತ್ತಾರೆ, ಇನ್ನೊಬ್ಬರು 136 ಎನ್ನುತ್ತಾರೆ. 136ರ ಕೋರ್ಸೇ ಕಠಿಣ ಎಂದು ಅಲ್ಲಿಗೇ ತೀರ್ಮಾನವಾಗಿಬಿಡುತ್ತದೆ. ಆ ತೀರ್ಮಾನ ಅರ್ಧ ಆಟಗಾರರ ಪಾಲಿಗೆ ತಪ್ಪು.

ಹೋಲಿಸುವ ಮೊದಲು ಎರಡೂ ಕೋರ್ಸಿನ ಸ್ಕೋರ್‌ಕಾರ್ಡ್ ಮುಂದಿಟ್ಟುಕೊಳ್ಳಿ. ನೀವು ಯಾವ ಟೀಯಿಂದ (ಹೋಲಿನ ಮೊದಲ ಹೊಡೆತದ ಜಾಗ) ಆಡುತ್ತೀರೋ ಆ ಟೀಯ ಮೂರು ಅಂಕಿ ಬರೆದುಕೊಳ್ಳಿ: ಕೋರ್ಸ್ ರೇಟಿಂಗ್, ಸ್ಲೋಪ್ ರೇಟಿಂಗ್, ಪಾರ್ (ನಿಗದಿತ ಹೊಡೆತಗಳ ಸಂಖ್ಯೆ). ನೀಲಿ ಟೀಗೆ ಒಂದು ರೇಟಿಂಗ್, ಬಿಳಿ ಟೀಗೆ ಇನ್ನೊಂದು. ಒಂದೇ ಟೀಗೂ ಗಂಡಸರ ರೇಟಿಂಗ್ ಬೇರೆ, ಹೆಂಗಸರದು ಬೇರೆ. ಒಂದು ಕೋರ್ಸಿನ ನೀಲಿಯನ್ನು ಇನ್ನೊಂದರ ಬಿಳಿಗೆ ಹೋಲಿಸಿದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ. ಒಂಬತ್ತು ಹೋಲಿನ ಕೋರ್ಸಾದರೆ ಕಾರ್ಡಿನಲ್ಲಿ ಬರೆದದ್ದು ಒಂಬತ್ತರ ರೇಟಿಂಗೋ ಎರಡು ಸುತ್ತಿನದೋ ನೋಡಿ. 34ರ ಆಸುಪಾಸು ಇದ್ದರೆ ಅದು ಒಂಬತ್ತರದು.

ಈಗ ಅಂಕಿಗಳ ಅರ್ಥಕ್ಕೆ ಬನ್ನಿ. ಕೋರ್ಸ್ ರೇಟಿಂಗ್ ಎಂದರೆ ಸ್ಕ್ರ್ಯಾಚ್ ಆಟಗಾರ, ಅಂದರೆ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟದ ಅಂಕಿ, ಕಡಿಮೆಯಿದ್ದಷ್ಟೂ ಆಟ ಮೇಲು) ಸೊನ್ನೆಯವನು, ಚೆನ್ನಾಗಿ ಆಡಿದ ದಿನ ತೆಗೆದುಕೊಳ್ಳುವ ಹೊಡೆತ. ಬೋಗಿ ಆಟಗಾರನಿಗೂ, ಅಂದರೆ ಸಾಧಾರಣ ಮಟ್ಟದವನಿಗೂ, ಹೀಗೇ ಒಂದು ರೇಟಿಂಗ್ ಕಟ್ಟುತ್ತಾರೆ. ಗಂಡಸರಲ್ಲಿ ಅವನ ಹ್ಯಾಂಡಿಕ್ಯಾಪ್ 20ರ ಆಸುಪಾಸು, ಡ್ರೈವ್ (ಟೀಯಿಂದ ಹೊಡೆಯುವ ಉದ್ದ ಹೊಡೆತ) 200 ಗಜ. ಸ್ಕ್ರ್ಯಾಚ್ ಆಟಗಾರನ ಡ್ರೈವ್ 250 ಗಜ. ಈ ಎರಡು ರೇಟಿಂಗ್‌ಗಳ ಅಂತರವನ್ನು ಗಂಡಸರಿಗೆ 5.381ರಿಂದ, ಹೆಂಗಸರಿಗೆ 4.24ರಿಂದ ಗುಣಿಸಿದರೆ ಬರುವುದೇ ಸ್ಲೋಪ್. ಕನಿಷ್ಠ 55, ಗರಿಷ್ಠ 155, ಪ್ರಮಾಣವಾಗಿ ಹಿಡಿಯುವುದು 113. ಹಾಗಾಗಿ ನೆಲದ ಏರಿಳಿತಕ್ಕೂ ಈ ಹೆಸರಿಗೂ ನೇರ ಸಂಬಂಧವಿಲ್ಲ. ಹ್ಯಾಂಡಿಕ್ಯಾಪ್ ಏರಿದಂತೆ ಕೋರ್ಸಿನ ಕಷ್ಟ ಎಷ್ಟು ಬೇಗ ಏರುತ್ತದೆ ಎನ್ನುವುದನ್ನು ಸ್ಲೋಪ್ ಹೇಳುತ್ತದೆ.

ಲೆಕ್ಕ ಒಂದೇ ಸಾಲಿನದು. ನಿಮ್ಮ ಹ್ಯಾಂಡಿಕ್ಯಾಪ್ ಇಂಡೆಕ್ಸನ್ನು (ನಿಮ್ಮ ಹ್ಯಾಂಡಿಕ್ಯಾಪಿನ ಅಧಿಕೃತ ಅಂಕಿ) ಸ್ಲೋಪಿನಿಂದ ಗುಣಿಸಿ, 113ರಿಂದ ಭಾಗಿಸಿ, ಬಂದದ್ದಕ್ಕೆ ಕೋರ್ಸ್ ರೇಟಿಂಗ್ ಕೂಡಿಸಿ. ಆ ಕೋರ್ಸಿನಲ್ಲಿ ನಿಮ್ಮ ಹ್ಯಾಂಡಿಕ್ಯಾಪಿಗೆ ತಕ್ಕ ಆಟ ಎಂದರೆ ಎಷ್ಟು ಹೊಡೆತ ಎಂಬುದು ಸಿಗುತ್ತದೆ.

ಉದಾಹರಣೆಗೆ ಎರಡು ಕಾಲ್ಪನಿಕ ಕೋರ್ಸ್ ಹಿಡಿಯೋಣ. ‘ಅ’: ಪಾರ್ 71, ರೇಟಿಂಗ್ 69.0, ಸ್ಲೋಪ್ 136. ‘ಬ’: ಪಾರ್ 72, ರೇಟಿಂಗ್ 71.5, ಸ್ಲೋಪ್ 118. ‘ಅ’ ಗಿಡ್ಡ, ಇಕ್ಕಟ್ಟು, ಪಕ್ಕದಲ್ಲೇ ಗಿಡ ಮತ್ತು ಹಳ್ಳ. ‘ಬ’ ಉದ್ದ, ಆದರೆ ಬಯಲು. ಇಂಡೆಕ್ಸ್ 5 ಇರುವವನಿಗೆ ‘ಅ’ದಲ್ಲಿ 75.0, ‘ಬ’ದಲ್ಲಿ 76.7. ಸ್ಲೋಪ್ ಎಷ್ಟೋ ಕಡಿಮೆಯಿದ್ದರೂ ಅವನಿಗೆ ‘ಬ’ವೇ ಕಠಿಣ. ಇಂಡೆಕ್ಸ್ 25 ಇರುವವನಿಗೆ ‘ಅ’ದಲ್ಲಿ 99.1, ‘ಬ’ದಲ್ಲಿ 97.6, ಕಷ್ಟ ಅದಲುಬದಲಾಯಿತು. ಎರಡೂ ಸಮವಾಗುವುದು ಇಂಡೆಕ್ಸ್ 16ರ ಹತ್ತಿರ. ಈ ತಿರುವು ಎಲ್ಲಿದೆ ಎಂದು ತಿಳಿಯಲು ರೇಟಿಂಗ್‌ಗಳ ವ್ಯತ್ಯಾಸವನ್ನು (ಇಲ್ಲಿ 2.5) 113ರಿಂದ ಗುಣಿಸಿ, ಸ್ಲೋಪ್‌ಗಳ ವ್ಯತ್ಯಾಸದಿಂದ (ಇಲ್ಲಿ 18) ಭಾಗಿಸಿ: 15.7. ಒಂದರ ರೇಟಿಂಗ್ ಹೆಚ್ಚು, ಇನ್ನೊಂದರ ಸ್ಲೋಪ್ ಹೆಚ್ಚು ಇದ್ದಾಗ ಮಾತ್ರ ಇಂಥ ತಿರುವು ಸಿಗುತ್ತದೆ. ಎರಡೂ ಒಂದೇ ಕೋರ್ಸಿನಲ್ಲಿ ಹೆಚ್ಚಿದ್ದರೆ ಅದು ಎಲ್ಲರಿಗೂ ಕಠಿಣ.

ಈಗಾಗಲೇ ಆಡಿದ ಸ್ಕೋರ್‌ಗಳನ್ನು ಹೋಲಿಸಬೇಕಾದರೆ ಇದೇ ಲೆಕ್ಕವನ್ನು ತಿರುಗಿಸಿ: ಸ್ಕೋರಿನಿಂದ ರೇಟಿಂಗ್ ಕಳೆದು, 113ರಿಂದ ಗುಣಿಸಿ, ಸ್ಲೋಪಿನಿಂದ ಭಾಗಿಸಿ. ಬರುವ ಡಿಫರೆನ್ಷಿಯಲ್ ಕಡಿಮೆಯಿದ್ದಷ್ಟೂ ಆಟ ಒಳ್ಳೆಯದು. ‘ಅ’ದಲ್ಲಿ 80 ಹೊಡೆದರೆ 9.1, ‘ಬ’ದಲ್ಲಿ 8.1. ಅದೇ 100 ಹೊಡೆದರೆ 25.8 ಮತ್ತು 27.3. ಲೆಕ್ಕಕ್ಕೆ ಹಾಕುವ ಮುನ್ನ ಸ್ಕೋರನ್ನು ತಿದ್ದಿಕೊಳ್ಳಬೇಕು: ಯಾವ ಹೋಲಿನಲ್ಲೂ ಪಾರ್‌ಗಿಂತ ಎರಡು ಹೊಡೆತ, ಜೊತೆಗೆ ಆ ಹೋಲಿನಲ್ಲಿ ನಿಮಗೆ ಸಿಗುವ ಹ್ಯಾಂಡಿಕ್ಯಾಪ್ (ರಿಯಾಯಿತಿ) ಹೊಡೆತ, ಇದಕ್ಕಿಂತ ಹೆಚ್ಚು ಎಣಿಸುವಂತಿಲ್ಲ. ಇದನ್ನು ಮರೆತರೆ ಹಳ್ಳಕ್ಕೆ ಮೂರು ಚೆಂಡು ಹಾಕಿದ ಒಂದೇ ಹೋಲ್ ಇಡೀ ಹೋಲಿಕೆಯನ್ನು ಕೆಡಿಸುತ್ತದೆ.

ರೇಟಿಂಗ್ ಕಟ್ಟುವವರು ಮೊದಲು ನೋಡುವುದು ಉದ್ದ. ಚೆಂಡು ಎಷ್ಟು ಉರುಳುತ್ತದೆ, ನೆಲ ಎಷ್ಟು ಏರುತ್ತದೆ, ಗಾಳಿ, ಸಮುದ್ರಮಟ್ಟದಿಂದ ಎತ್ತರ, ಇವೆಲ್ಲ ಆ ಉದ್ದದ ಲೆಕ್ಕದೊಳಗೇ ಬರುತ್ತವೆ. ಆಮೇಲೆ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ಅಗಲ, ರಫ್ (ಅದರ ಪಕ್ಕದ ಎತ್ತರದ ಹುಲ್ಲು), ಬಂಕರ್ (ಮರಳಿನ ಗುಂಡಿ), ನೀರು, ಗಿಡಮರ, ಗ್ರೀನಿನ (ಹೋಲಿನ ಸುತ್ತಲಿನ ನುಣುಪು ಹುಲ್ಲು) ಗಾತ್ರ ಮತ್ತು ವೇಗ. ಬೆಳಗಾವಿಯವರು ಎತ್ತರದ ಅಂಶವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಊರು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಇಲ್ಲಿ 200 ಗಜ ಹೋಗುವ ಚೆಂಡು ಗೋವಾದ ಕರಾವಳಿಯಲ್ಲಿ ಐದಾರು ಗಜ ಮೊದಲೇ ಬೀಳುತ್ತದೆ. ಕ್ಲಬ್ ಆರಿಸುವಾಗ ಇದನ್ನು ನೆನೆಯಿರಿ, ಆದರೆ ರೇಟಿಂಗಿಗೆ ಮತ್ತೆ ಕೂಡಿಸಬೇಡಿ. 2,000 ಅಡಿ ದಾಟಿದ ಕೋರ್ಸಿಗೆ ಎತ್ತರದ ಲೆಕ್ಕ ರೇಟಿಂಗಿನಲ್ಲೇ ಸೇರಿರುತ್ತದೆ.

ಋತುವಿನ ಮಾತು ಬೇರೆ. ರೇಟಿಂಗ್ ಆಟದ ಹಂಗಾಮಿನ ಸಾಮಾನ್ಯ ಸ್ಥಿತಿಗೆ ಕಟ್ಟಿದ್ದು. ಏಪ್ರಿಲ್‌ನಲ್ಲಿ ಕಾದು ಗಟ್ಟಿಯಾದ ನೆಲದ ಮೇಲೆ ಚೆಂಡು ಜಿಗಿದು ಉರುಳುತ್ತದೆ. ಜುಲೈ ಮಳೆಯಲ್ಲಿ ಬಿದ್ದ ಕಡೆಯೇ ಮಣ್ಣಿನಲ್ಲಿ ಹೂತು ನಿಲ್ಲುತ್ತದೆ. ಕಾರ್ಡಿನ ಅಂಕಿ ಮಾತ್ರ ಎರಡೂ ದಿನ ಅದೇ. ಆ ದಿನದ ಆಟದ ಸ್ಥಿತಿಗೆ ಹ್ಯಾಂಡಿಕ್ಯಾಪ್ ವ್ಯವಸ್ಥೆ −1ರಿಂದ +3ರವರೆಗೆ ತಿದ್ದುಪಡಿ ಕೊಡಬಲ್ಲದು, ಆದರೆ ಅದಕ್ಕೆ ಅಂದು ಕನಿಷ್ಠ ಎಂಟು ಜನರ ಸ್ಕೋರ್ ದಾಖಲಾಗಿರಬೇಕು. ನಾಲ್ಕೇ ಜನ ಆಡಿದ ಮಳೆಯ ಬೆಳಗಿಗೆ ಅದು ಸಿಗುವುದಿಲ್ಲ. ಹಾಗಾಗಿ ಮಳೆಗಾಲದ ಬೆಳಗಾವಿಯ ಸ್ಕೋರನ್ನು ಚಳಿಗಾಲದ ಗೋವಾದ ಸ್ಕೋರಿನ ಪಕ್ಕ ಇಡಬೇಡಿ.

ಸ್ಟ್ರೋಕ್ ಇಂಡೆಕ್ಸ್ (ರಿಯಾಯಿತಿ ಹೊಡೆತ ಮೊದಲು ಯಾವ ಹೋಲಿಗೆ ಎಂದು ಹೇಳುವ, ಕಾರ್ಡಿನ 1ರಿಂದ 18ರ ಸಂಖ್ಯೆ) ನೋಡಿ ಹೋಲುಗಳ ಕಷ್ಟ ಅಳೆಯುವುದೂ ತಪ್ಪು. ಹೊಡೆತಗಳು ಇಡೀ ಸುತ್ತಿನಲ್ಲಿ ಹಂಚಿಹೋಗಲೆಂದು ಸಾಮಾನ್ಯವಾಗಿ ಮೊದಲ ಒಂಬತ್ತಕ್ಕೆ ಬೆಸ, ಕೊನೆಯ ಒಂಬತ್ತಕ್ಕೆ ಸರಿಸಂಖ್ಯೆ ಕೊಟ್ಟಿರುತ್ತಾರೆ. ಇನ್ನೊಂದು: ಹ್ಯಾಂಡಿಕ್ಯಾಪ್ ಇಂಡೆಕ್ಸ್ ಎಂದರೆ ಕೊನೆಯ 20 ಸುತ್ತುಗಳ ಡಿಫರೆನ್ಷಿಯಲ್‌ಗಳಲ್ಲಿ ಅತ್ಯುತ್ತಮ 8ರ ಸರಾಸರಿ. ಹೊಸ ಕೋರ್ಸಿನಲ್ಲಿ ಲೆಕ್ಕಕ್ಕಿಂತ ಮೂರ್ನಾಲ್ಕು ಹೊಡೆತ ಹೆಚ್ಚಾದರೆ ರೇಟಿಂಗ್ ಸುಳ್ಳು ಎನ್ನಬೇಡಿ, ಅದು ನಿಮ್ಮ ಸಾಮಾನ್ಯ ದಿನದ ಆಟ.

ಇಬ್ಬರು ಎದುರುಬದುರು ಮ್ಯಾಚ್ ಆಡುವಾಗ ಆಡುತ್ತಿರುವ ಕೋರ್ಸಿನ ಅಂಕಿಯೇ ಬೇಕು, ಯಾರ ಹೋಮ್ ಕೋರ್ಸಿನದೂ ಅಲ್ಲ. ಇಂಡೆಕ್ಸನ್ನು ಸ್ಲೋಪಿನಿಂದ ಗುಣಿಸಿ 113ರಿಂದ ಭಾಗಿಸಿ, ಅದಕ್ಕೆ ರೇಟಿಂಗಿನಿಂದ ಪಾರ್ ಕಳೆದದ್ದನ್ನು ಸೇರಿಸಿ, ಹತ್ತಿರದ ಪೂರ್ಣಾಂಕ ಹಿಡಿಯಿರಿ. ಇಂಡೆಕ್ಸ್ 12 ಮತ್ತು 18 ಇರುವವರಿಗೆ ‘ಬ’ದಲ್ಲಿ 12 ಮತ್ತು 18 ಬರುತ್ತದೆ, ಅಂತರ 6. ‘ಅ’ದಲ್ಲಿ 12 ಮತ್ತು 20, ಅಂತರ 8. ಅಲ್ಲಿ ಕಾರ್ಡಿನ ಸ್ಟ್ರೋಕ್ ಇಂಡೆಕ್ಸ್ 1ರಿಂದ 8ರವರೆಗಿನ ಹೋಲುಗಳಲ್ಲಿ ಇಂಡೆಕ್ಸ್ 12ರವನು 18ರವನಿಗೆ ಒಂದೊಂದು ಹೊಡೆತ ಬಿಟ್ಟುಕೊಡಬೇಕು.